ನುಡಿ ಕೊಟ್ಟ ಮೇಲೆ

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಒಂದು ಕೋಣೆ ಖಾಲಿಯಾಗಿದೆ. ಆ ಕೋಣೆಯ ಮಗನೋ ಮಗಳೋ ಬೆಂಗಳೂರಿನಲ್ಲಿದ್ದಾರೆ. ಬಾಗಲಕೋಟೆ, ವಿಜಯಪುರ, ಕಲಬುರಗಿ, ಗದಗ, ದಾವಣಗೆರೆಗಳಿಂದ ರಾತ್ರಿಯ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿದ ಈ ಮಕ್ಕಳು ಅಲ್ಲಿಯೇ ಕೆಲಸ ಹಿಡಿದು, ಅಲ್ಲಿಯೇ ಗೆಳೆಯರನ್ನು ಕಂಡುಕೊಂಡು, ಅಲ್ಲಿಯೇ ಪ್ರಾಯಕ್ಕೆ ಬಂದವರು. ತಾಯಿ ದೂರವಾಣಿಯಲ್ಲಿ ಪ್ರತಿರಾತ್ರಿ ಕೇಳುವುದು ಊಟದ ವಿಚಾರ, ತಂದೆ ಕೇಳುವುದು ಸಂಬಳದ ವಿಚಾರ. ಇವೆರಡರ ನಡುವೆ ಒಂದು ಪ್ರಶ್ನೆ ಉಳಿದುಬಿಡುತ್ತದೆ. ನಿನ್ನ ಮನಸ್ಸು ಯಾರ ಮೇಲಾದರೂ ನಿಂತಿದೆಯೇ ಎಂಬುದನ್ನು ಕೇಳಲು ಹೆತ್ತವರಿಗೆ ಅಂಜಿಕೆ. ಹೇಳಲು ಮಕ್ಕಳಿಗೆ ಅಂಜಿಕೆ. ಈ ಎರಡು ಅಂಜಿಕೆಗಳ ನಡುವೆ ಎಷ್ಟೋ ಜೀವಗಳು ಬೇಯುವುದನ್ನು ಕಂಡುದರಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ವಾಸ ಬೆಂಗಳೂರಿನ ವಿಜಯನಗರ. ನಮ್ಮ ಮೈದುನನ ಮಗ ಮಾರತ್ತಹಳ್ಳಿಯ ಬಳಿ ಮೂವರು ಗೆಳೆಯರೊಡನೆ ಬಾಡಿಗೆಯ ಮನೆಯಲ್ಲಿದ್ದಾನೆ. ಜೋಳದ ರೊಟ್ಟಿ, ಎಣ್ಣೆಗಾಯಿ ಮತ್ತು ಶೇಂಗಾ ಚಟ್ನಿಯ ನೆವದಿಂದ ಭಾನುವಾರ ನಮ್ಮ ಮನೆಗೆ ಬರುತ್ತಿದ್ದ ಅವನ ಹಿಂದೆ ಆ ಗೆಳೆಯರು ಬಂದರು. ಅವರ ಹಿಂದೆ ಅವರೊಡನೆ ಕೆಲಸ ಮಾಡುವ ಹೆಣ್ಣುಮಕ್ಕಳು ಬಂದರು. ಹೀಗೆ ಏಳೆಂಟು ಮಂದಿಗೆ ನಾನು ಕಾಕು ಆದೆ. ತಾಯಿಗೆ ಹೇಳಲಾಗದ್ದನ್ನು ಕಾಕುವಿಗೆ ಹೇಳುವುದು ಸುಲಭ.

ನಗರಕ್ಕೆ ಹೋದ ಮಕ್ಕಳು ಕೆಟ್ಟರು ಎಂದು ಊರಿನಲ್ಲಿ ಕುಳಿತು ಹೇಳುವ ಹಿರಿಯರಿಗೆ ನಾನು ಕಂಡದ್ದನ್ನು ಹೇಳಬೇಕು. ಆ ನಾಲ್ವರಲ್ಲಿ ಒಬ್ಬನನ್ನು ಅವನ ಕಂಪನಿ ಏಕಾಏಕಿ ಕೆಲಸದಿಂದ ಬಿಡಿಸಿತು. ನಾಲ್ಕು ತಿಂಗಳು ಅವನ ಪಾಲಿನ ಬಾಡಿಗೆಯನ್ನು ಉಳಿದ ಮೂವರು ಕಟ್ಟಿದರು. ಲೆಕ್ಕ ಬರೆದಿಡಲಿಲ್ಲ, ಊರಿಗೆ ಸುದ್ದಿಯನ್ನೂ ಮುಟ್ಟಿಸಲಿಲ್ಲ. ಇನ್ನೊಬ್ಬಾಕೆ ಡೆಂಗ್ಯೂ ಬಂದು ಮಲಗಿದಾಗ ಗೆಳತಿಯರು ಸರದಿಯ ಮೇಲೆ ಆಸ್ಪತ್ರೆಯಲ್ಲಿ ರಾತ್ರಿ ಕಳೆದರು. ದಾಸೋಹವೆಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಮಾಡಿದ್ದು ಮಾತ್ರ ಅದನ್ನೇ. ಬೆಳಗಿನ ಹೊತ್ತು ಅವಸರದಲ್ಲಾದರೂ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಕಣ್ಣು ಮುಚ್ಚುವ ಹುಡುಗನೂ ಅವರಲ್ಲಿದ್ದಾನೆ. ಗೆಳೆತನದಲ್ಲಿ ಇಷ್ಟು ಗಟ್ಟಿಯಾದ ಈ ಮಕ್ಕಳು ಪ್ರೀತಿಯ ವಿಷಯ ಬಂದಾಗ ಮಾತ್ರ ಏಕೆ ತತ್ತರಿಸುತ್ತಾರೆ ಎಂಬುದೇ ನನ್ನನ್ನು ಬಹುದಿನ ಕಾಡಿದ ಪ್ರಶ್ನೆ.

ಅವರಲ್ಲಿ ಒಬ್ಬ ಬಾಗಲಕೋಟೆ ಜಿಲ್ಲೆಯ ಹಳ್ಳಿಯವ. ಹುಡುಗಿ ಗದಗದ ಕಡೆಯವಳು. ಇಬ್ಬರೂ ನಮ್ಮವರೇ, ಒಳಪಂಗಡ ಮಾತ್ರ ಬೇರೆ. ಪರಸ್ಪರ ಮೆಚ್ಚಿ ಮದುವೆಯಾಗುವೆವೆಂದು ಮಾತು ಕೊಟ್ಟುಕೊಂಡು ಮೂರು ವರ್ಷ ಕಳೆದಿತ್ತು. ಹುಡುಗ ಮನೆಯಲ್ಲಿ ಹೇಳಬೇಕಿತ್ತು. ಮೊದಲ ವರ್ಷ ತಂಗಿಯ ಮದುವೆಯಾಗಲಿ ಎಂದ. ಎರಡನೆಯ ವರ್ಷ ತಂದೆಯ ಶಸ್ತ್ರಚಿಕಿತ್ಸೆ ಮುಗಿಯಲಿ ಎಂದ. ಮೂರನೆಯ ವರ್ಷ ಊರಿನ ಮನೆ ಕಟ್ಟಿ ಮುಗಿಯಲಿ ಎಂದ. ಒಂದೊಂದು ಕಾರಣವೂ ನಿಜವೇ ಆಗಿತ್ತು. ಅತ್ತ ಹುಡುಗಿ ತನ್ನ ಮನೆಯವರು ತಂದ ಸಂಬಂಧಗಳನ್ನು ಒಂದೊಂದಾಗಿ ನಿರಾಕರಿಸುತ್ತ, ನೆಂಟರ ಬಾಯಿಗೆ ಗುರಿಯಾಗಿ 28 ವರ್ಷಕ್ಕೆ ಬಂದು ನಿಂತಿದ್ದಳು.

ಒಂದು ಭಾನುವಾರ ಊಟವಾದ ಮೇಲೆ ನಮ್ಮ ಪಡಸಾಲೆಯಲ್ಲಿಯೇ ಮಾತು ಹೊರಬಿತ್ತು. ಹಿರಿಯಳಾದ ನಾನು ಸುಮ್ಮನಿದ್ದೆ. ಅವನ ಗೆಳೆಯನೇ ಕೇಳಿದ:

“ನಿನ್ನ ಕಷ್ಟ ನಮಗ ತಿಳೀತೈತೋ. ಆದ್ರ ನೀ ಆಕೀಗೆ ಕೊಟ್ಟದ್ದು ಮಾತೋ, ವಾಯಿದೆಯೋ?”

ಹುಡುಗ ತಲೆ ತಗ್ಗಿಸಿದ. ಹುಡುಗಿ ಅಡುಗೆಮನೆಗೆ ಬಂದು ನನ್ನ ಬಳಿ ನಿಂತಳು. “ಕಾಕೂ, ಅವ ಕೆಟ್ಟವ ಅಲ್ರೀ. ಮನ್ಯಾಗ ಹೇಳೂ ಧೈರ್ಯ ಇಲ್ಲ, ಅಷ್ಟ,” ಎಂದಳು. ಅವನನ್ನು ಬಿಟ್ಟುಕೊಡದ ಆ ಮಾತು ಕೇಳಿ ನನ್ನ ಕರುಳು ಚುರ್ರೆಂದಿತು. ದೀಪಾವಳಿಗೆ ಊರಿಗೆ ಹೋದಾಗ ಹೇಳಿಯೇ ಬರುವುದೆಂದು ಅಂದು ನಿಶ್ಚಯವಾಯಿತು. ಹಬ್ಬ ಮುಗಿಯಿತು, ಹುಡುಗ ಹೇಳದೆಯೇ ಮರಳಿ ಬಂದ. ಹುಡುಗಿ ಜಗಳ ತೆಗೆಯಲಿಲ್ಲ, ಅವನ ಹೆಸರು ಕೆಡಿಸಲಿಲ್ಲ. “ನಿನ್ನ ಮಾತಿನಿಂದ ನಿನ್ನನ್ನು ಬಿಡಿಸೀನಿ,” ಎಂದಷ್ಟೇ ಹೇಳಿ ಎದ್ದು ಹೋದಳು. ಆ ಮೇಲೆ ಅವನು ಬಹಳ ಅತ್ತ. ಅಳು ನಿಜವಾದದ್ದೇ, ಆದರೆ ಕಳೆದ ಮೂರು ವರ್ಷ ಅಳುವಿನಿಂದ ಮರಳಿ ಬರುವುದಿಲ್ಲ.

ಮದುವೆಯಾಗುವ ಉದ್ದೇಶವೇ ಇಲ್ಲದೆ ಮಾತು ಕೊಟ್ಟು ಹೆಣ್ಣನ್ನು ದೈಹಿಕ ಸಂಬಂಧಕ್ಕೆ ಒಪ್ಪಿಸುವುದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಈ ಹುಡುಗ ಅಂಥವನಲ್ಲ. ಅವನ ಉದ್ದೇಶ ಶುದ್ಧವಾಗಿತ್ತು; ಅಂಜಿಕೆ ಅದನ್ನು ಮೀರಿತ್ತು. ವಂಚನೆಗೆ ಕಾನೂನಿನಲ್ಲಿ ಕಲಮು ಉಂಟು, ಹೇಡಿತನಕ್ಕೆ ಇಲ್ಲ. ಕಾನೂನು ಎಲ್ಲಿ ಕೈಚೆಲ್ಲುತ್ತದೆಯೋ ಅಲ್ಲಿಂದ ಧರ್ಮದ ಕೆಲಸ ಆರಂಭವಾಗುತ್ತದೆ.

ನಮ್ಮ ಶರಣರು ನಡೆ ನುಡಿ ಒಂದಾಗಿರಬೇಕೆಂದು ಹೇಳಿದಾಗ ಅದು ಪೂಜೆಯ ಹೊತ್ತಿಗೆ ಮಾತ್ರ ಸಲ್ಲುವ ಮಾತಾಗಿರಲಿಲ್ಲ. ಅಕ್ಕಮಹಾದೇವಿಯ ಕಥೆಯನ್ನು ನೆನೆಯಿರಿ. ಹರಿಹರನ ರಗಳೆಯಲ್ಲಿ ಅಕ್ಕ ಕೌಶಿಕನಿಗೆ ನಿಬಂಧನೆಗಳನ್ನು ಮುಂದಿಟ್ಟೇ ಅವನ ಅರಮನೆಯನ್ನು ಪ್ರವೇಶಿಸುತ್ತಾಳೆ. ಅವನು ಮಾತಿಗೆ ತಪ್ಪಿದಾಗ ಹೊರಡುತ್ತಾಳೆ. ನಾವು ಅಕ್ಕನ ವೈರಾಗ್ಯವನ್ನು ಕೊಂಡಾಡುತ್ತೇವೆ. ಆಕೆ ಮಾತಿಗೆ ಕೊಟ್ಟ ಬೆಲೆಯನ್ನು ಮಾತ್ರ ಮರೆಯುತ್ತೇವೆ. ಕೊಟ್ಟ ಮಾತನ್ನು ಎದುರಿನವರು ಉಳಿಸಿಕೊಳ್ಳದಿದ್ದಲ್ಲಿ ಗೌರವದಿಂದ ಎದ್ದು ಬರುವ ಅಧಿಕಾರ ಹೆಣ್ಣಿಗುಂಟು ಎಂಬುದನ್ನು ಆಕೆ ಅಂದೇ ತೋರಿಸಿದಳು. ಗದಗಿನ ಹುಡುಗಿ ಎದ್ದು ಹೋದಾಗ ನನಗೆ ಆಕೆ ಸೋತವಳೆಂದು ಅನ್ನಿಸಲಿಲ್ಲ.

ಇನ್ನೊಂದು ಪ್ರಸಂಗ ಇದಕ್ಕಿಂತ ಕಠಿಣವಾದದ್ದು. ದಾವಣಗೆರೆಯ ಕಡೆಯ ನಮ್ಮ ಸಮಾಜದ ಹುಡುಗಿ, ಬೇರೆ ಜಾತಿಯ ಹುಡುಗ. ಈಕೆ ಮೊದಲ ವರ್ಷವೇ ತಂದೆಯ ಎದುರು ಕುಳಿತು ಹೇಳಿದಳು. ತಂದೆ ಸಭ್ಯರು, ಕೈ ಎತ್ತಲಿಲ್ಲ. ಆದರೆ ಮಾತು ಬಿಟ್ಟರು. ತಾಯಿ ಊಟ ಬಿಟ್ಟರು. ಓಡಿಹೋಗಿ ಮದುವೆಯಾಗಿರೆಂದು ಹೇಳಿದವರು ಕೆಲವರು, ಮರೆತುಬಿಡೆಂದು ಹೇಳಿದವರು ಹಲವರು. ಹುಡುಗಿ ಎರಡನ್ನೂ ಒಪ್ಪಲಿಲ್ಲ. “ನಾನು ಓಡಿ ಹೋಗಲ್ಲ ಕಾಕೂ, ಬಿಟ್ಟೂ ಕೊಡಲ್ಲ. ಅಪ್ಪಾಜಿ ಎಷ್ಟು ದಿನ ಮಾತು ಬಿಟ್ಟರೂ ನಾನು ಮಾತ್ರ ಫೋನ್ ಮಾಡ್ತೀನಿ,” ಎಂದಳು. ಹಾಗೆಯೇ ದಿನವೂ ಮಾಡಿದಳು. ಅತ್ತಲಿಂದ ಉತ್ತರವಿರದಿದ್ದರೂ ಆ ದಿನ ಏನು ಕೆಲಸ ಮಾಡಿದೆ, ಏನು ಉಂಡೆ ಎಂದು ಹೇಳಿ ಇಡುತ್ತಿದ್ದಳು.

ಎಂಟು ತಿಂಗಳಾದ ಮೇಲೆ ತಂದೆ ಹುಡುಗನನ್ನು ನೋಡಲು ಒಪ್ಪಿದರು. ಆಕೆಯ ಕೋರಿಕೆಯ ಮೇರೆಗೆ ನಾನೂ ಹೋಗಿದ್ದೆ. ಹುಡುಗನಿಗೆ ಅವರು ಜಾತಿ ಕೇಳಲಿಲ್ಲ; ಅದು ಗೊತ್ತೇ ಇತ್ತು. ಮನೆಯ ಪರಿಸ್ಥಿತಿ ಕೇಳಿದರು. ತಂದೆ ತೀರಿಕೊಂಡುದನ್ನು, ತಾಯಿ ಬಟ್ಟೆ ಹೊಲಿದು ಓದಿಸಿದುದನ್ನು, ಓದಿನ ಸಾಲ ಇನ್ನೂ ತೀರದಿರುವುದನ್ನು ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಮದುವೆಯಾದ ಮೇಲೂ ತಾಯಿ ತನ್ನ ಜೊತೆಯಲ್ಲಿಯೇ ಇರುವರೆಂದೂ ಹುಡುಗಿ ಇದನ್ನು ಒಪ್ಪಿರುವಳೆಂದೂ ತಿಳಿಸಿದ. ತಂದೆ ಏನೂ ಹೇಳದೆ ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕರೆದು, “ಅಕ್ಕಾರೇ, ನಾನು ನೋಡಿದ ಮೂರು ಸಂಬಂಧದಲ್ಲಿ ಒಬ್ಬರೂ ಸಾಲ ಇದೆ ಅಂತ ಬಾಯಿಬಿಟ್ಟು ಹೇಳಲಿಲ್ಲ,” ಎಂದರು. ಒಪ್ಪಿದೆನೆಂದು ಅವರು ಅಂದು ಹೇಳಲಿಲ್ಲ. ಒಪ್ಪಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಮದುವೆ ಸರಳವಾಗಿ ನಡೆಯಿತು. ಹುಡುಗಿಯ ದೊಡ್ಡಪ್ಪನವರು ಬರಲಿಲ್ಲ. ಇಂದಿಗೂ ಅವರ ಮನೆಯ ಬಾಗಿಲು ಆಕೆಗೆ ತೆರೆದಿಲ್ಲ. ಆ ನೋವು ಆಕೆಗೆ ಇದ್ದೇ ಇದೆ.

ಈ ಎರಡು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ತೋರಿದ್ದು ಇಷ್ಟು. ಮೊದಲನೆಯದರಲ್ಲಿ ಅಡ್ಡಿ ಚಿಕ್ಕದು, ಧೈರ್ಯ ಅದಕ್ಕಿಂತಲೂ ಚಿಕ್ಕದು. ಎರಡನೆಯದರಲ್ಲಿ ಅಡ್ಡಿ ದೊಡ್ಡದು, ಸತ್ಯವಂತಿಕೆ ಅದಕ್ಕಿಂತ ದೊಡ್ಡದು. ಪ್ರೀತಿ ಎರಡು ಕಡೆಯೂ ಇತ್ತು. ಆದರೆ ಪ್ರೀತಿಯು ಹೂವಿನಂತೆ ತಾನೇ ಅರಳಬಹುದು. ಬಾಳುವೆಯನ್ನು ಮಾತ್ರ ಮಗ್ಗದ ಸೀರೆಯಂತೆ ಎಳೆ ಎಳೆಯಾಗಿ ನೇಯಬೇಕು. ನೇಕಾರ ಶರಣ ಜೇಡರ ದಾಸಿಮಯ್ಯನವರ ಬಾಳಿನಲ್ಲಿ ದುಗ್ಗಳೆಯವರು ಜೊತೆಯಾದದ್ದು ಈ ಅರ್ಥದಲ್ಲಿಯೇ.

ಆಯ್ದಕ್ಕಿ ಲಕ್ಕಮ್ಮನವರ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಬಡತನದ ಮನೆಯಲ್ಲಿ ಹೆಚ್ಚಿಗೆ ಬಂದ ಅಕ್ಕಿಯನ್ನು ಬೇಡವೆನ್ನುವ ಹೆಂಡತಿ, ಆ ಮಾತನ್ನು ಕೇಳುವ ಗಂಡ! ಒಬ್ಬರು ತಪ್ಪಿದಲ್ಲಿ ಇನ್ನೊಬ್ಬರು ಎಚ್ಚರಿಸುವುದು, ಎಚ್ಚರಿಸಿದಾಗ ಸಿಟ್ಟಾಗದಿರುವುದು ಇದ್ದಲ್ಲಿ ಅದೇ ನಿಜವಾದ ದಾಂಪತ್ಯ. ನಗರದ ನನ್ನ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಒಟ್ಟಿಗೆ ಸಿನಿಮಾ ನೋಡಿದರೆ, ನಂದಿಬೆಟ್ಟಕ್ಕೆ ಹೋದರೆ ಒಬ್ಬರನ್ನೊಬ್ಬರು ಅರಿತಂತಾಗುವುದಿಲ್ಲ. ಸಾಲದ ಮಾತು, ತಂದೆತಾಯಿಗಳ ಮುಪ್ಪಿನ ಮಾತು, ಯಾರ ಕೆಲಸಕ್ಕಾಗಿ ಯಾರು ಊರು ಬಿಡಬೇಕೆಂಬ ಮಾತು, ಮನೆಯ ಪೂಜೆ ಆಚಾರಗಳ ಮಾತು ಇವೆಲ್ಲ ಮದುವೆಗೆ ಮೊದಲೇ ಆಗಬೇಕು. ಈ ಮಾತುಗಳನ್ನು ತಾಳಿಕೊಳ್ಳದ ಪ್ರೀತಿ ಮುಂದೆ ಬಾಳಿನ ಬಿಸಿಲನ್ನು ತಾಳಿಕೊಳ್ಳಲಾರದು.

ಹೆತ್ತವರಿಗೂ ಒಂದು ಮಾತು ಸಲ್ಲಬೇಕು. ಮಕ್ಕಳು ಹೇಳಲಿಲ್ಲವೆಂದು ದೂರುವ ನಾವು, ಹೇಳಿದರೆ ಏನು ಮಾಡುತ್ತಿದ್ದೆವೆಂದು ನಮ್ಮನ್ನೇ ಕೇಳಿಕೊಳ್ಳೋಣ. ವಿಷದ ಬಾಟಲಿಯ ಮಾತು, ಮನೆತನದ ಮಾನದ ಮಾತು, ನನ್ನ ಹೆಣ ನೋಡೆಂಬ ಮಾತು ಇವು ಮಕ್ಕಳಿಗೆ ಸುಳ್ಳನ್ನು ಕಲಿಸುವ ಪಾಠಗಳು. 1955ರ ಹಿಂದೂ ವಿವಾಹ ಕಾಯಿದೆ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿ ತನ್ನೊಳಗೆ ಸೇರಿಸಿಕೊಂಡಿದೆ. ಒಳಪಂಗಡದ ಗೋಡೆ ಅದರಲ್ಲಿ ಎಲ್ಲಿಯೂ ಇಲ್ಲ. 1954ರ ವಿಶೇಷ ವಿವಾಹ ಕಾಯಿದೆಯಡಿ 21 ತುಂಬಿದ ಗಂಡು, 18 ತುಂಬಿದ ಹೆಣ್ಣು ಜಾತಿ ಮತಗಳ ಹಂಗಿಲ್ಲದೆ 30 ದಿನಗಳ ಸೂಚನೆ ಕೊಟ್ಟು, ಮೂವರು ಸಾಕ್ಷಿಗಳ ಎದುರಿನಲ್ಲಿ ಮದುವೆಯಾಗಬಹುದು. ವಯಸ್ಕರಿಬ್ಬರು ಒಪ್ಪಿದ ಮೇಲೆ ಕುಟುಂಬದ ಅಥವಾ ಕುಲದ ಒಪ್ಪಿಗೆ ಅಗತ್ಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. 2021ರಲ್ಲಿ ನಮ್ಮ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಜಾತಿ ಜಾತಿಗಳ ನಡುವಿನ ಬಿಗುವು ಇಳಿಯಲು ಇಂತಹ ಮದುವೆಗಳು ದಾರಿಯಾಗಬಹುದೆಂದೂ ಅದು ಅಭಿಪ್ರಾಯಪಟ್ಟಿತು.

ಆದರೆ ನಮಗೆ ಈ ಪಾಠವನ್ನು ನ್ಯಾಯಾಲಯವೇ ಹೇಳಬೇಕಿತ್ತೇ? 12ನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಶರಣರು ಮದುವೆ ಮಾಡಿಸಿದರು. ಆ ಒಂದು ಮದುವೆಗಾಗಿ ಇಬ್ಬರು ತಂದೆಯರೂ ಪ್ರಾಣ ತೆತ್ತರು, ಕಲ್ಯಾಣ ಚದುರಿತು. ವರ್ಷವರ್ಷವೂ ಬಸವ ಜಯಂತಿಯಂದು ಆ ತ್ಯಾಗವನ್ನು ಕೊಂಡಾಡುವ ನಾವು, ಮರುದಿನ ವರಾನ್ವೇಷಣೆಯ ಪತ್ರದಲ್ಲಿ ಒಳಪಂಗಡ ಕಡ್ಡಾಯವೆಂದು ಬರೆಯುತ್ತೇವೆ. ಮಕ್ಕಳು ಇದನ್ನು ನೋಡುತ್ತಾರೆ. ನಡೆ ನುಡಿ ಒಂದಾಗದ ಮನೆಯಲ್ಲಿ ಬೆಳೆದ ಹುಡುಗನಿಗೆ ಮಾತು ಉಳಿಸಿಕೊಳ್ಳುವುದು ಕಷ್ಟವಾದರೆ ಅದರಲ್ಲಿ ನಮ್ಮ ಪಾಲೂ ಇದೆ.

ಮಕ್ಕಳು ಆರಿಸಿದ್ದೆಲ್ಲವೂ ಸರಿಯೆಂದು ನಾನು ಹೇಳುವುದಿಲ್ಲ. ಪ್ರಾಯದಲ್ಲಿ ಕಣ್ಣು ಮಬ್ಬಾಗುವುದುಂಟು. ಹಿರಿಯರು ವಿಚಾರಿಸಬೇಕು, ಹುಡುಗನ ನಡತೆ, ದುಡಿಮೆ, ದುಶ್ಚಟಗಳನ್ನು ತಿಳಿದುಕೊಳ್ಳಬೇಕು, ಬೇಡವೆನಿಸಿದರೆ ಕಾರಣ ಕೊಟ್ಟು ಹೇಳಬೇಕು. ಕಾರಣ ಕೊಡಲಾಗದ ‘ಬೇಡ’ ಹಿರಿತನವಲ್ಲ.

ನಮ್ಮಲ್ಲಿ ಹಲವೆಡೆ ವಚನ ಮಾಂಗಲ್ಯದ ಪದ್ಧತಿಯಲ್ಲಿ ಮದುವೆಗಳು ನಡೆಯುತ್ತಿವೆ. ಅಲ್ಲಿ ವಧೂವರರು ತಮಗೆ ಅರ್ಥವಾಗುವ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ, ತಮ್ಮ ಬಾಯಿಂದಲೇ ಪ್ರತಿಜ್ಞೆ ಮಾಡುತ್ತಾರೆ. ಆ ಗಳಿಗೆಯಲ್ಲಿ ಮಾತು ತಡವರಿಸದಿರಬೇಕಾದರೆ, ಅದಕ್ಕೆ ಮೊದಲೇ ಒಬ್ಬರಿಗೊಬ್ಬರು ಆಡಿದ ಮಾತೂ ಹೆತ್ತವರಿಗೆ ಆಡಿದ ಮಾತೂ ಸತ್ಯವಾಗಿರಬೇಕು. ನಮ್ಮ ಯುವಕ ಯುವತಿಯರಿಗೆ ಆ ಸತ್ಯವನ್ನು ನುಡಿಯುವ ಬಲವನ್ನೂ, ಹೆತ್ತವರಿಗೆ ಅದನ್ನು ಕೇಳುವ ಬಲವನ್ನೂ ಗುರು ಬಸವಣ್ಣನವರು ಕರುಣಿಸಲಿ.