ಹಸಿರು ಬೆಟ್ಟ, ಕೆಂಪು ಬಯಲು

ನಿನ್ನ ಪಿಎಚ್.ಡಿ. ಯಾವುದರ ಮೇಲೆ ಎಂದು ಅಪ್ಪ ಕೇಳಿದರೆ, 'ಬೆಟ್ಟ ಎಷ್ಟು ಕೊಡುತ್ತೆ, ಬಯಲು ಎಷ್ಟು ಬೇಡುತ್ತೆ ಅನ್ನೋ ಲೆಕ್ಕ' ಎನ್ನುತ್ತೇನೆ. ಪುಸ್ತಕದ ಭಾಷೆಯಲ್ಲಿ ಇದು ಪರಿಸರ ಸೇವೆಗಳ ಪೂರೈಕೆ ಮತ್ತು ಬೇಡಿಕೆ. ನನ್ನ ನಕ್ಷೆಯಲ್ಲಿ ಕೊಡುವ ಜಾಗ ಹಸಿರು, ಬೇಡುವ ಜಾಗ ಕೆಂಪು. ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿಯ ಸಾಲು ಹಸಿರು. ಕಡೂರು, ಅಜ್ಜಂಪುರದ ಬಯಲು ಕೆಂಪು. ತರೀಕೆರೆ ತಾಲ್ಲೂಕಿನೊಳಗೇ ಎರಡೂ ಬಣ್ಣಗಳಿವೆ.

ಈ ಬೆಟ್ಟಗಳ ಶೋಲಾ ಕಾಡು, ಹುಲ್ಲುಗಾವಲು ಮಳೆಯ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತವೆ. ಅಲ್ಲಿ ಹುಟ್ಟುವ ವೇದಾ ಅಯ್ಯನಕೆರೆಗೆ, ಅವತಿ ಮದಗದ ಕೆರೆಗೆ ನೀರು ತರುತ್ತವೆ. ಕಡೂರಿನ ಹತ್ತಿರ ಎರಡೂ ಸೇರಿ ವೇದಾವತಿಯಾಗಿ, ಹಿರಿಯೂರಿನ ವಾಣಿವಿಲಾಸ ಸಾಗರ ಮುಟ್ಟುತ್ತವೆ. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಗ ಮಳೆಯ ಜೊತೆಗೆ ಭದ್ರೆಯಿಂದ ಎತ್ತಿ ಹರಿಸಿದ ನೀರೂ ಇತ್ತು.

ಬೆಟ್ಟ ತಾನಾಗಿ ಕೊಟ್ಟದ್ದು ಸಾಲದಾಗ ನಾವು ಪಂಪು ಹಚ್ಚುತ್ತೇವೆ. ಭದ್ರಾ ಮೇಲ್ದಂಡೆ ಯೋಜನೆ ಅಂಥದ್ದು. ತುಂಗೆಯಿಂದ 17.4 ಟಿಎಂಸಿಯನ್ನು ಭದ್ರೆಗೆ ಎತ್ತಿ, ಭದ್ರೆಯ ಪಾಲೂ ಸೇರಿ 29.9 ಟಿಎಂಸಿಯನ್ನು ಅಜ್ಜಂಪುರದ ಸುರಂಗದ ಮೂಲಕ ಚಿತ್ರದುರ್ಗದ ಕಡೆಗೆ ಒಯ್ಯುವ ಯೋಜನೆ. ಹಸಿರನ್ನು ಹಸಿರಾಗಿ ಉಳಿಸಲೂ ಯಾರೋ ಬೆಲೆ ಕೊಟ್ಟಿದ್ದಾರೆ. ಭದ್ರಾ ಅಭಯಾರಣ್ಯದ ಒಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು ಈ ಶತಮಾನದ ಆರಂಭದಲ್ಲಿ ಊರು ಬಿಟ್ಟವು. ಅವರಲ್ಲಿ ಅನೇಕರು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೆ ಬಂದರು. ಅವರು ಬಿಟ್ಟುಬಂದ ಗದ್ದೆ, ದೇವರಗುಡಿಗಳಿಗೆ ನನ್ನ ನಕ್ಷೆಯಲ್ಲಿ ಬಣ್ಣವಿಲ್ಲ.

ಕಳೆದ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ಅಪ್ಪನಿಗೆ ನಕ್ಷೆ ತೋರಿಸಿದೆ. ಅಜ್ಜಂಪುರದ ಪಕ್ಕ ಬೆರಳಿಟ್ಟು ಕೇಳಿದರು:

'ನಮ್ಮ ಜಮೀನು ಯಾವ ಬಣ್ಣ?'

'ಕೆಂಪು.'

'ಕೆಂಪು ಅಂದ್ರೆ ನಾವು ತಪ್ಪು ಮಾಡಿದೀವಿ ಅಂತಲಾ?'

ಉತ್ತರ ಬಾಯಿಗೆ ಬರಲಿಲ್ಲ. ರಾಗಿ, ಈರುಳ್ಳಿ ಬೆಳೆಯುತ್ತಿದ್ದ ಹೊಲಕ್ಕೆ ಅಡಿಕೆ ಬಂದದ್ದು ನಾನು ಕಾಲೇಜು ಸೇರಿದ ವರ್ಷ. ಈರುಳ್ಳಿಯ ದರ ನಂಬಿ ಮಗಳನ್ನು ಓದಿಸಲಾಗದು ಎಂದು ಅವರು ತೀರ್ಮಾನಿಸಿದ್ದರು. ಎರಡು ಬೋರ್‌ವೆಲ್ ಬತ್ತಿವೆ. ನಾನು 'ಬೇಡಿಕೆ' ಎಂದು ಬರೆಯುವ ಅಂಕಿಯೊಳಗೆ ನನ್ನ ಫೀಸೂ ಇದೆ.

ಸಮತೋಲನ ಎಂದಾಗ ನಾವೆಲ್ಲ ಪೂರೈಕೆಯ ಕಡೆಗೇ ನೋಡುತ್ತೇವೆ: ಇನ್ನೊಂದು ಕಾಲುವೆ, ಇನ್ನೊಂದು ಪಂಪು. ಬೇಡಿಕೆ ಹುಟ್ಟುವುದು ನೆಲದಲ್ಲಿ ಅಲ್ಲ, ಮಾರುಕಟ್ಟೆಯಲ್ಲಿ. ಕಡಿಮೆ ನೀರಿನ ಬೆಳೆಗೆ ನಂಬುವಂಥ ಬೆಲೆ ಸಿಗದೆ ರೈತನಿಗೆ 'ನೀರು ಉಳಿಸು' ಅನ್ನುವುದು ಬರೀ ಉಪದೇಶ. ಈ ಮಾತನ್ನು ನಾಲ್ಕನೇ ಅಧ್ಯಾಯಕ್ಕೆ ಸೇರಿಸಿದ್ದೇನೆ.

ನಿನ್ನೆ ಅಪ್ಪ ಫೋನ್ ಮಾಡಿದ್ದರು. ಬೋರ್‌ವೆಲ್ ಗಾಡಿಯವನಿಗೆ ಅಡ್ವಾನ್ಸ್ ಕೊಟ್ಟಿದ್ದಾರಂತೆ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.