ಅಮ್ಮನಿಗೆ ಸೂಕ್ಷ್ಮ ಬೋಧನೆ

ಅಕ್ಕನ ಬಾಣಂತನಕ್ಕೆ ಅಮ್ಮ ಒಬ್ಬರೇ ಜರ್ಮನಿಗೆ ಹೋಗಬೇಕಾಯಿತು. ಹೇಮಗಿರಿಯ ದನಗಳ ಜಾತ್ರೆ, ಮೈಸೂರಿನ ಆಸ್ಪತ್ರೆ ಬಿಟ್ಟರೆ ಅವರು ಹೊರಗೆ ಹೋದದ್ದೇ ಕಡಿಮೆ. ಟಿಕೆಟ್ ಬಂದ ದಿನದಿಂದ ಊಟ ಸೇರಲಿಲ್ಲ. “ಹೆದರಬೇಡಿ” ಎಂದರೆ ಹೆದರಿಕೆ ಹೋಗುವುದಿಲ್ಲ. ನನ್ನ ಮೊದಲ ಅಭ್ಯಾಸ ಪಾಠದ ಹಿಂದಿನ ರಾತ್ರಿಯೇ ಅದು ನನಗೆ ತಿಳಿದಿತ್ತು.

ಹಾಗಾಗಿ ಸೂಕ್ಷ್ಮ ಬೋಧನೆಯ 36 ನಿಮಿಷಗಳ ಚಕ್ರವನ್ನೇ ಮನೆಗೆ ತಂದೆ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6. ದಿನಕ್ಕೊಂದೇ ಕೌಶಲ. ಮೊದಲ ದಿನ ಬೋರ್ಡಿಂಗ್ ಪಾಸಿನಲ್ಲಿ ಗೇಟ್ ಸಂಖ್ಯೆ ಹುಡುಕುವುದು. ಎರಡನೆಯ ದಿನ ಭದ್ರತಾ ತಪಾಸಣೆ: ಕೈಚೀಲದ ದ್ರವದ ಬಾಟಲಿ 100 ಮಿ.ಲೀ. ಮೀರಬಾರದು, ಮಗುವಿನ ಹರಳೆಣ್ಣೆ ದೊಡ್ಡ ಪೆಟ್ಟಿಗೆಗೆ. ಮೂರನೆಯ ದಿನ ನಾನೇ ವಲಸೆ ಅಧಿಕಾರಿ: “ಯಾರ ಮನೆಗೆ? ಎಷ್ಟು ದಿನ?”

ಪಕ್ಕದ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದದ್ದು ಎಪ್ಪತ್ತು ದಾಟಿದ ಮೇಲೆ ಎಂದೆ. “ನನಗಿನ್ನೂ ಐವತ್ಮೂರು” ಎಂದರು ಅಮ್ಮ. ನಾಲ್ಕನೆಯ ದಿನ ಅವರೇ ಅಧಿಕಾರಿಯಾಗಿ ನನ್ನನ್ನು ಪ್ರಶ್ನಿಸಿದರು. ಕೈ ಇನ್ನೂ ನಡುಗುತ್ತಿತ್ತು, ಪ್ರಶ್ನೆ ಮಾತ್ರ ತಪ್ಪಲಿಲ್ಲ.

ಮ್ಯೂನಿಕ್ ತಲುಪಿ ಫೋನ್ ಮಾಡಿದಾಗ ಹೇಳಿದ್ದು: “ಆ ಅಧಿಕಾರಿ ನಿನ್ನಷ್ಟು ಕೇಳಲಿಲ್ಲ ಕಣೆ.”

ಕರಿಹಲಗೆಯ ಬಳಿ ಬರಲು ಹೆದರುವ ಮಕ್ಕಳಿಗೂ ಈಗ ಇದೇ ಕ್ರಮ: ಮೊದಲ ದಿನ ಒಂದೇ ಸಾಲು.