ಮೇಲ್ಕಟ್ಟು

ಹಿಂದೂಪುರದ ನಮ್ಮ ಮನೆಯ ನಡುಕೋಣೆಗೆ ಒಳಗಾರೆ ಆಗಿರಲಿಲ್ಲ. ಅಂಗಾತ ಮಲಗಿದರೆ ಮೇಲೆ ಕಾಂಕ್ರೀಟಿನ ಹಲಗೆ ಗೆರೆಗಳು, ಜಲ್ಲಿ ಇಣುಕುವ ತೂತುಗಳು, ಯಾವಾಗಲೋ ಮೆತ್ತಿದ ಸಿಮೆಂಟಿನ ಗಂಟುಗಳು. ಪಿಒಪಿ ಮಾಡಿಸುವಷ್ಟು ದುಡ್ಡಿರಲಿಲ್ಲ. ಬೇಸಿಗೆಗೆ ಕಲ್ಯಾಣದುರ್ಗದಿಂದ ಬಂದಿದ್ದ ಸೋದರತ್ತೆ ಒಂದು ಮಧ್ಯಾಹ್ನ ಚಾಪೆಯ ಮೇಲೆ ಒರಗಿ, "ಏನಪ್ಪಾ, ಕಣ್ಣು ಬಿಟ್ರೆ ಇದ್ನೇ ನೋಡ್ಬೇಕಾ? ತಡಿ, ಮೇಲ್ಕಟ್ಟು ಕಟ್ಟಾನ. ಹಳೇ ಸೀರೆ ಎಷ್ಟಾರ ಅದಾವೆ" ಅಂದಳು.

ಅತ್ತೆ ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆಯ ಕೆಳಗೆ. ತೊಲೆ, ಜಂತೆ, ಕಡ್ಡಿಯ ಹಾಸು, ಅದರ ಮೇಲೆ ಚೌಳು ಮಣ್ಣು. ಬೆಳೆಗೆ ಬಾರದ ಆ ಮಣ್ಣು ನೆನೆದಾಗ ಕಣಕಣವಾಗಿ ಬಿಚ್ಚಿಕೊಂಡು ತನ್ನ ಸಂದುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯುವುದಿಲ್ಲ. ಬಿಸಿಲಿಗೆ ಒಣಗಿದಾಗ ಮಾತ್ರ ಸಣ್ಣಗೆ ಪುಡಿ ಉದುರುತ್ತದೆ, ಒಮ್ಮೊಮ್ಮೆ ಅದರೊಂದಿಗೆ ಚೇಳು. ತೊಟ್ಟಿಲಿನ ಮೇಲೆ, ದೇವರ ಮೂಲೆಯಲ್ಲಿ ಸೀರೆ ಬಿಗಿದು ಕಟ್ಟುತ್ತಿದ್ದದ್ದು ಅದಕ್ಕೇ.

ಹೊಲಿಯುವ ಮೊದಲು ಲೇಪಾಕ್ಷಿ ನೋಡಬೇಕೆಂದಳು. ನಮ್ಮೂರಿಂದ ಸುಮಾರು 15 ಕಿ.ಮೀ. ವಿಜಯನಗರದ ಅಚ್ಯುತದೇವರಾಯನ ಕಾಲದ ವೀರಭದ್ರ ಗುಡಿಯಲ್ಲಿ, 16ನೇ ಶತಮಾನದ ಕೆಲಸಗಾರರು ಮಾಡಿನ ಒರಟು ಕಲ್ಲಿನ ಚಪ್ಪಡಿಗಳಿಗೆ ಸುಣ್ಣದ ಗಾರೆ ಬಳಿದು ಅದರ ಮೇಲೆ ಪಾರ್ವತಿಯ ಮದುವೆಯನ್ನೇ ಬರೆದಿದ್ದಾರೆ. ಗಾರೆ ಉದುರಿದಲ್ಲಿ ಬೂದು ಕಲ್ಲು ಕಾಣುತ್ತದೆ. ಕತ್ತೆತ್ತಿ ನಿಂತ ಅತ್ತೆ ದೇವರಿಗಿಂತ ಹೆಚ್ಚು ಹೊತ್ತು ನೋಡಿದ್ದು ಆ ಚಿತ್ರಗಳಲ್ಲಿನ ಹೆಂಗಸರ ಸೀರೆಗಳನ್ನು: ಚೌಕಳಿ, ಪಟ್ಟೆ, ಹೂಬಳ್ಳಿ, ಒಂದರಂತೆ ಒಂದಿಲ್ಲ. ಕಲ್ಲಿನ ಮೈಗೆ ಅಷ್ಟು ಸೀರೆ ಉಡಿಸಿದವರ ಕೈ ನನಗಂತೂ ಇಂದಿಗೂ ಬೆರಗು.

ಮನೆಗೆ ಬಂದು ಮೊದಲು ತಾರಸಿ ಹತ್ತಿ ನೋಡಿದೆವು. ಸೋರುವ ಮಾಡಿಗೆ ಬಟ್ಟೆ ಕಟ್ಟಿದರೆ ಬಟ್ಟೆಯೂ ಕೊಳೆಯುತ್ತದೆ, ಸೋರಿಕೆಯೂ ತಿಳಿಯುವುದಿಲ್ಲ, ನಮ್ಮದು ಒಣಗಿತ್ತು. ಕೆಳಗೆ ಸಡಿಲ ಗಂಟುಗಳನ್ನು ಕರಣೆಯಿಂದ ಕೆರೆದೆ. ಕೋಣೆ 12 ಅಡಿಗೆ 10 ಅಡಿ. ಸೀರೆಯ ಅಗಲ 45 ಅಂಗುಲ, ಮೂರು ಸೀರೆ ಉದ್ದಕ್ಕೆ ಸೇರಿಸಿ ಹೊಲಿದರೆ ಮಡಿಕೆಗೂ ಬಟ್ಟೆ ಉಳಿಯುತ್ತದೆ. ನಾಲ್ಕೂ ಗೋಡೆಗೆ ರೀಪು ಬಡಿದು ಕೊಕ್ಕೆ ಹಾಕಿದೆ. ಒಗೆಯಲು ಬಿಚ್ಚಲು ಬರಬೇಕು, ಮೊಳೆ ಹೊಡೆದರೆ ಸೀರೆ ಹರಿಯುತ್ತದೆ. ನಡುವೆ ಜೋಲು ಬೀಳದಂತೆ ಅಡ್ಡಕ್ಕೆ ಮೂರು ನೂಲಿನ ಹಗ್ಗ. ಬಟ್ಟೆಯ ಹತ್ತಿರ ತಿರುಗುವ ರೆಕ್ಕೆಯಾಗಲಿ ಬಿಸಿ ಬಲ್ಬಾಗಲಿ ಬೇಡವೆಂದು ಫ್ಯಾನು, ದೀಪ ಎರಡನ್ನೂ ಗೋಡೆಗೆ ಇಳಿಸಿದೆವು. ಖರ್ಚಾದದ್ದು ರೀಪು, ಕೊಕ್ಕೆ, ಹಗ್ಗಕ್ಕೆ, ಎಲೆಕ್ಟ್ರಿಷಿಯನ್ನಿನ ಅರ್ಧ ದಿನದ ಕೂಲಿಗೆ.

ಕತ್ತರಿಸಿ ಉಳಿದ ಸೆರಗುಗಳನ್ನು ಅತ್ತೆ ಕೌದಿಗೆಂದು ಮಡಿಸಿ ಚೀಲಕ್ಕೆ ತುರುಕಿದಳು.

ಆ ರಾತ್ರಿ ಇಬ್ಬರೂ ಕೆಳಗೆ ಮಲಗಿದ್ದೆವು. ಗೋಡೆಯ ಫ್ಯಾನು ಈ ಕಡೆ ಹೊರಳಿದಾಗಲೆಲ್ಲ ಮೇಲ್ಕಟ್ಟು ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ನಡುವಿನ ಹಸಿರು ಪಟ್ಟೆಯನ್ನು ಅತ್ತೆ ಕೈಯೆತ್ತಿ ತೋರಿಸಿ, "ಅದು ನಿಮ್ಮಪ್ಪನ ಮದುವೆ ದಿನ ನಾನು ಉಟ್ಟಿದ್ದು ಕಣಪ್ಪಾ" ಅಂದಳು.